ಕುಂದಾನ ಮೊಣಕಾಲು, ಅತ್ತೆಯವರ ಕಸಬರಿಗೆ

ಹೋದ ವಾರ ಖಾನಾಪುರಕ್ಕೆ ಹೋಗಿದ್ದೆ. ಅಲ್ಲಿಯ ಹೈಸ್ಕೂಲಿನಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಗೆಳತಿಯೊಬ್ಬಳು ನಿವೃತ್ತಳಾದಳು. ಹಾರ, ಶಾಲು, ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಖಾನಾಪುರದ ಆಷಾಢದ ಮಳೆಯ ಮುಂದೆ "ಸ್ವಲ್ಪ ಕಡಿಮೆಯಾಗಲಿ, ಆಮೇಲೆ ಹೋಗೋಣ" ಎನ್ನುವ ಆಟ ನಡೆಯುವುದಿಲ್ಲ. ಅದು ಕಡಿಮೆಯಾಗುವುದಿಲ್ಲ, ನಾವೇ ಹೊರಡಬೇಕು. ಕೊಡೆ ಬಿಚ್ಚಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ಶೇವಂತಾ ಕಾಕುವಿನ ಮನೆಯ ಕಡೆ ತಿರುಗಿದೆ. ಕೆಲವು ವರ್ಷಗಳ ಹಿಂದೆ ಒಂದು ಇಡೀ ಮಳೆಗಾಲ ಅವರ ಮನೆಯ ಪಕ್ಕದ ಭಾಗದಲ್ಲಿ ನಾವು ಬಾಡಿಗೆಗಿದ್ದೆವು.

ಬಾಗಿಲಲ್ಲಿ ಕಾಲೊರೆಸಲು ಗೋಣಿ ಚೀಲ ಹಾಸಿತ್ತು. ತೋಯ್ದು ತೊಪ್ಪೆಯಾಗಿತ್ತು. ಅದರ ಮೇಲೆ ಕಾಲಿಟ್ಟ ಕೂಡಲೇ ಆ ವಾಸನೆ ಎದ್ದಿತು. ನೆನೆದ ಸೆಣಬು, ಎಂದೋ ಅದರಲ್ಲಿದ್ದ ಅಕ್ಕಿಯ ಧೂಳು, ಅದರ ಮೇಲೆ ಒಂದಿಷ್ಟು ಒದ್ದೆ ನಾಯಿ. ಶೇವಂತಾ ಕಾಕು ನಾಯಿ ಸಾಕಿದವರಲ್ಲ, ಆ ಕೊನೆಯದು ನನ್ನ ಮೂಗು ತಾನೇ ಸೇರಿಸಿಕೊಂಡದ್ದು. ಕೊಡೆ ಮಡಚುವುದನ್ನು ಮರೆತು ಅಲ್ಲೇ ನಿಂತೆ.

"ಬಾ ಗ ಟೀಚರ, ಒಳಗ ಬಾ. ಕುಂದಾ ಕಶೀ ಆಹೆ?" ಎಂದರು ಕಾಕು. ನಾನು ಹೇಗಿದ್ದೇನೆ ಎಂದಲ್ಲ, ನಾಯಿ ಹೇಗಿದೆ ಎಂದು, ತಮ್ಮ ಮರಾಠಿಯಲ್ಲಿ. ಆಮೇಲೆ, "ಅಜ್ಜಿ ಹೋದ್ರಂತ. ಕೇಳಿ ಭಾಳ ಕೆಟ್ಟನಿಸಿತು" ಎಂದರು. ನಮ್ಮ ಅತ್ತೆಯವರು ತೀರಿಕೊಂಡದ್ದು ಹೋದ ಚಳಿಗಾಲ. ಕಾಕು ಚಹಾಕ್ಕೆ ಇಟ್ಟರು. ನಾನು ಅವರ ಫಳಫಳ ಹೊಳೆಯುವ ಟೈಲ್ಸಿನ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು ಕುರ್ಚಿ ಹಿಡಿದೆ. ಆ ಟೈಲ್ಸಿನ ಮೇಲೆ ಹುಷಾರಾಗಿ ನಡೆಯುವುದನ್ನು ನನಗೆ ಕಲಿಸಿದ್ದೇ ಕುಂದಾ.

ಕುಂದಾ ಎಂದರೆ ನಮ್ಮ ಪೊಮೆರೇನಿಯನ್ ನಾಯಿ. ಬೆಳಗಾವಿಯವರಿಗೆ ಆ ಹೆಸರು ಯಾಕೆ ಎಂದು ಹೇಳಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಹಾಲನ್ನು ಕಾಯಿಸಿ ಕಾಯಿಸಿ ಕಂದಾಗಿಸಿ ಮಾಡುವ ನಮ್ಮೂರ ಸಿಹಿಯ ಬಣ್ಣವೇ ಅದರ ಮೈಬಣ್ಣ. ನಮ್ಮವರಿಗೆ ಆಟೋ ನಗರದಲ್ಲಿ ಗಾಡಿ ರಿಪೇರಿಯ ವರ್ಕ್‌ಶಾಪ್ ಇದೆ. ಅವರ ಗಿರಾಕಿಯೊಬ್ಬರು ಪುಣೆಗೆ ವರ್ಗವಾಗಿ ಹೋಗುವಾಗ "ಸಣ್ಣ ಫ್ಲ್ಯಾಟು, ಇಟ್ಟುಕೊಳ್ಳಲಾಗುವುದಿಲ್ಲ" ಎಂದು ಮರಿಯನ್ನು ಇವರ ಕೈಗಿಟ್ಟು ಹೋದರು. ಇವರು ಸಂಜೆ ಅದನ್ನು ಶಹಾಪುರದ ನಮ್ಮ ಮನೆಗೆ ತಂದಾಗ ಅತ್ತೆಯವರು ದೇವರ ಕೋಣೆಯ ಬಾಗಿಲು ಎಳೆದುಕೊಂಡರು. "ನಾಯಿ ಮನ್ಯಾಗ ಬ್ಯಾಡ. ನಾಳಿ ಕೊಟ್ಟ ಬಾ" ಎಂದರು. ಆ ನಾಳೆ ಬರಲೇ ಇಲ್ಲ. ತಿಂಗಳೊಳಗೆ ಅದು "ನಾಯಿ" ಹೋಗಿ "ಕೂಸು" ಆಯಿತು. ಹೊತ್ತು ಮುಳುಗಿದ ಮೇಲೆ ಅತ್ತೆಯವರು ಹನಿ ನೀರೂ ಮುಟ್ಟುತ್ತಿರಲಿಲ್ಲ. ಕೂಸಿನ ಊಟವೂ ಹೊತ್ತು ಮುಳುಗುವ ಮೊದಲೇ ಆಗಬೇಕು. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ, ಮೇಲೆ ತುಪ್ಪ. ನಮ್ಮವರ ಗೆಳೆಯರು ಬಂದರೆ "ನಿಮ್ಮನ್ಯಾಗ ನಾಯೀನೂ ಜೈನ ಆತಲ್ಲೋ" ಎಂದು ನಗುತ್ತಿದ್ದರು. ಅತ್ತೆಯವರು ಅದನ್ನು ಹೊಗಳಿಕೆ ಎಂದೇ ತಿಳಿಯುತ್ತಿದ್ದರು.

ನಾನು ಗಣಿತದ ಟೀಚರು. ಕುಂದಾ ಬಂದ ಮೂರನೆಯ ವರ್ಷ ನನಗೆ ಖಾನಾಪುರದ ಸರ್ಕಾರಿ ಹೈಸ್ಕೂಲಿಗೆ ವರ್ಗವಾಯಿತು. ದಿನಾ ಬೆಳಗಾವಿಯಿಂದ ಓಡಾಡಬಹುದಾದ ದೂರವೇ. ಆದರೆ ಆಗ ರಸ್ತೆ ಅಗೆದು ಹಾಕಿದ್ದರು. ಮಳೆ ಬಿದ್ದರೆ ಬಸ್ಸು ಎಲ್ಲಿ ಸಿಕ್ಕಿಕೊಳ್ಳುತ್ತದೋ ದೇವರೇ ಬಲ್ಲ. ಮಳೆಗಾಲ ಮುಗಿಯುವವರೆಗೆ ಅಲ್ಲೇ ಮನೆ ಮಾಡುವುದೆಂದು ತೀರ್ಮಾನವಾಯಿತು. "ನೀ ಒಬ್ಬಾಕಿ ಹೆಂಗಿರತಿ? ಹೊತ್ತ ಮುಳಗಿದ ಮ್ಯಾಲ ಉಣ್ಣಾಕ ಸುರು ಮಾಡತಿ" ಎಂದು ಅತ್ತೆಯವರು ನನ್ನ ಜೊತೆ ಹೊರಟರು. ಅತ್ತೆಯವರು ಬಂದ ಮೇಲೆ ಕೂಸು ಬರದಿರುತ್ತದೆಯೇ? ನಮ್ಮವರೊಬ್ಬರೇ ಶಹಾಪುರದಲ್ಲಿ ಉಳಿದರು, ಶನಿವಾರ ಸಂಜೆಯ ರೈಲಿಗೆ ಬಂದು ಹೋಗುವ ಮಾತಾಯಿತು.

ಒಂದು ವಿಷಯ ಇಲ್ಲೇ ಹೇಳಬೇಕು. ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸ, ಅತ್ತೆಯವರಿಗೆ ಬಲು ಬಿಗಿಯಾದ ಕಾಲ. ಮಳೆಯಲ್ಲಿ ನೆಲದ ತುಂಬ ಹುಳುಹುಪ್ಪಟೆ ಹುಟ್ಟುತ್ತವೆ, ತುಳಿದರೆ ಹಿಂಸೆ. ಸೊಪ್ಪು ತಿನ್ನುವುದಿಲ್ಲ, ಹಸಿ ಹುಲ್ಲಿನ ಮೇಲೆ ಕಾಲಿಡುವುದಿಲ್ಲ. ಇರುವ ಊರನ್ನು ದೀಪಾವಳಿಯವರೆಗೆ ದಾಟುವುದಿಲ್ಲ ಎಂಬ ನೇಮವನ್ನೂ ಅವರು ಪ್ರತಿವರ್ಷ ಹಿಡಿಯುತ್ತಿದ್ದರು. ಆ ವರ್ಷ ಅವರು ಇರುವ ಊರು ಖಾನಾಪುರ. ಅಂದರೆ ಕಾರ್ತಿಕದವರೆಗೆ ಬೆಳಗಾವಿಯ ಮುಖ ನೋಡುವಂತಿಲ್ಲ.

ಶೇವಂತಾ ಕಾಕು ಗಂಡನ ಕಾಲದ ಹಳೆ ಹೆಂಚಿನ ಮನೆಗೆ ಆಗಷ್ಟೇ ಹೊಸ ಟೈಲ್ಸ್ ಹಾಕಿಸಿದ್ದರು. ಮುಖ ಕಾಣುವಂಥ ಟೈಲ್ಸು. ಮನೆ ತೋರಿಸುವಾಗ ನಲ್ಲಿ, ಬಚ್ಚಲು, ಅಡುಗೆ ಕಟ್ಟೆ ಯಾವುದರ ಬಗ್ಗೆಯೂ ಮಾತಿಲ್ಲ, ಬರೀ ಟೈಲ್ಸಿನದೇ ವರ್ಣನೆ. ಕುಂದಾ ಒಳಗೆ ಬಂದು ನಾಲ್ಕು ಹೆಜ್ಜೆ ಇಡುವುದರೊಳಗೆ ಹಿಂಗಾಲು ಎರಡೂ ಎರಡು ದಿಕ್ಕಿಗೆ ಜಾರಿ ಹೊಟ್ಟೆಯ ಮೇಲೆ ಕೂತಿತು. ನಾವು ನಕ್ಕೆವು. ಕೆಲವೇ ದಿನಗಳಲ್ಲಿ ನಗುವುದು ನಿಂತಿತು. ಅದು ನಡೆಯುತ್ತ ನಡೆಯುತ್ತ ಥಟ್ಟನೆ ಎಡ ಹಿಂಗಾಲು ಎತ್ತಿಬಿಡುತ್ತಿತ್ತು. ಮೂರು ಕಾಲಿನ ಮೇಲೆ ಕುಪ್ಪಳಿಸಿ, ನಿಂತು, ಆ ಕಾಲನ್ನು ಹಿಂದಕ್ಕೆ ಝಾಡಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ನಾಲ್ಕೂ ಊರಿ ನಡೆಯುತ್ತಿತ್ತು.

"ಕುಂಟಾಬಿಲ್ಲಿ ಆಡತೈತಿ ನೋಡ" ಎಂದರು ಅತ್ತೆಯವರು.

ಆಟವಲ್ಲ ಎಂದು ನನಗೆ ಅನುಮಾನವಾಯಿತು. ಶನಿವಾರ ಸಂಜೆ ನಮ್ಮವರು ಬಂದರು, ಮರುದಿನ ಬೆಳಿಗ್ಗೆ ನಾಯಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬೆಳಗಾವಿಗೆ ಹೋದೆವು. ಮೊದಲು ತೋರಿಸಿದ ಡಾಕ್ಟರು ಮೊಣಕಾಲನ್ನು ಆಡಿಸಿ ನೋಡಿ, ಚಿಪ್ಪು ಜಾಗ ಬಿಟ್ಟು ಜಾರುತ್ತಿದೆ, ಆಪರೇಶನ್ ಮಾಡಿಸಿಬಿಡಿ, ತಡ ಮಾಡಿದಷ್ಟೂ ಒಳಗೆ ಸವೆಯುತ್ತದೆ ಎಂದರು. ನನಗೆ ಆ ಮಾತು ಹಿಡಿಸಿತು. ಲೆಕ್ಕ ಎಂದರೆ ಹೀಗಿರಬೇಕು, ಪ್ರಶ್ನೆ, ಉತ್ತರ. ಆದರೆ ನಮ್ಮವರು ಯಾವ ಇಂಜಿನ್ನನ್ನೂ ಇನ್ನೊಬ್ಬರಿಗೆ ತೋರಿಸದೆ ಬಿಚ್ಚುವವರಲ್ಲ. "ಇನ್ನೊಬ್ಬರನ್ನ ಕೇಳೂಣು" ಎಂದು ಮತ್ತೊಂದು ದವಾಖಾನೆಗೆ ಕರೆದುಕೊಂಡು ಹೋದರು.

ಅಲ್ಲಿಯ ಡಾಕ್ಟರು ಅವಸರದವರಲ್ಲ. ಕುಂದಾನನ್ನು ಮೇಜಿನ ಮೇಲೆ ನಿಲ್ಲಿಸಿ, ನಡೆಸಿ, ಮಲಗಿಸಿ, ಎಕ್ಸ್‌ರೇ ತೆಗೆಸಿ, ಆಮೇಲೆ ಮಾತಾಡಿದರು. "ಇದರಾಗ ನಾಕ ದರ್ಜೆ ಅದಾವ್ರಿ. ಮೊದಲನೇದ್ದು ಅಂದ್ರ ನಾವು ಬೆರಳಲೆ ದೂಕಿದ್ರ ಚಿಪ್ಪು ಸರೀತೈತಿ, ಬಿಟ್ರ ತಾನ ಬಂದ ಕುಂದರತೈತಿ. ನಾಕನೇದ್ದು ಅಂದ್ರ ಹೊರಗ ಹೋದ ಚಿಪ್ಪು ಒಳಗ ಬರೂದ ಇಲ್ಲ. ನಿಮ್ಮದರದು ಎರಡು. ಆದ್ರ ಮೂರರ ಕಡೆ ಮುಖ ಮಾಡೇತಿ."

"ಎರಡೋ ಮೂರೋ, ಒಂದು ಹೇಳ್ರಿ" ಎಂದೆ.

"ನೀವು ಟೀಚರೇನ್ರಿ?"

"ಹೌದ್ರಿ. ಗಣಿತ."

"ಅದಕ್ಕ" ಎಂದು ಅವರು ನಕ್ಕರು. ಆಮೇಲೆ ಕುಂದಾನ ತೊಡೆಗಳನ್ನು ಎರಡೂ ಕೈಯಲ್ಲಿ ಹಿಡಿದು, "ಇಲ್ಲಿ ಮುಟ್ಟಿ ನೋಡ್ರಿ. ಮಾಂಸನ ಇಲ್ಲ, ಬರೇ ಕೂದಲಾ. ಮ್ಯಾಲ ನೋಡಿದ್ರ ಇಷ್ಟ ತೂಕ. ಇದು ನಡೀತೈತೋ ಇಲ್ಲೋ?" ಎಂದು ಕೇಳಿದರು.

ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಕುಂದಾ ನಡೆಯುತ್ತಿರಲಿಲ್ಲ. ಹೊಸ ಮಳೆ ಬಿದ್ದಾಗಿನಿಂದ ಅತ್ತೆಯವರು ಅದನ್ನು ಕೆಳಗೆ ಬಿಡುವುದೇ ಅಪರೂಪ, ಮನೆಯೊಳಗೆ ಟೈಲ್ಸಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಅಷ್ಟೇ. ಅದರ ಕಾಲಿಗೆ ಸಿಕ್ಕು ಇರುವೆ ಸತ್ತರೆ ಪಾಪ ಯಾರಿಗೆ? ತಿಳಿಯದ ಕೂಸಿಗೆ ಹತ್ತುವುದಿಲ್ಲ, ತಿಳಿದವರಿಗೆ ಹತ್ತುತ್ತದೆ. ಹಾಗಾಗಿ ಅಂಗಳಕ್ಕೆ ಹೋಗುವಾಗ ಸೊಂಟದ ಮೇಲೆ, ಬರುವಾಗ ಸೊಂಟದ ಮೇಲೆ, ಜಪಕ್ಕೆ ಕೂತರೆ ತೊಡೆಯ ಮೇಲೆ. ಹಿಂದಿನ ವರ್ಷವೂ ಹಾಗೆಯೇ ಮಾಡಿದ್ದರು, ಅದರ ಹಿಂದಿನ ವರ್ಷವೂ. ವರ್ಷಕ್ಕೆ ನಾಲ್ಕು ತಿಂಗಳು ನಮ್ಮ ಮನೆಯ ನಾಯಿ ಹೆಚ್ಚುಕಡಿಮೆ ನೆಲ ಮುಟ್ಟದೆ ಬದುಕಿತ್ತು. ಇದನ್ನು ಡಾಕ್ಟರಿಗೆ ಹೇಗೆ ಹೇಳುವುದು? ಹೇಳಿದೆ. ಅವರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ ಹುಟ್ಟಿತು.

"ಹಂಗಾದ್ರ ಈಗಿಂದೀಗ ಕೊಯ್ಯೂದು ಬ್ಯಾಡ್ರಿ" ಎಂದರು. "ತೊಡ್ಯಾಗ ಶಕ್ತಿ ಇಲ್ಲಂದ್ರ ಆಪರೇಶನ್ ಮಾಡಿದ್ರೂ ಕಾಲು ಭಾರ ತಡೆಯೂದಿಲ್ಲ. ಮಳಿಗಾಲ ಮುಗಿಯೂತನಕ ನಡಸ್ರಿ. ಕೊರಳಿಗೆ ಪಟ್ಟಿ ಕಟ್ಟಿ, ಸಾವಕಾಶ, ದಿನಾ. ಜಿಗಿಸಬ್ಯಾಡ್ರಿ, ಜಾರೂ ನೆಲದ ಮ್ಯಾಲ ಬಿಡಬ್ಯಾಡ್ರಿ, ತೂಕ ಇಳಸ್ರಿ. ನಡುವ ಕಾಲ ಊರೂದನ್ನ ಬಿಟ್ಟರ ತಕ್ಷಣ ತರ್ರಿ. ಇಲ್ಲಾಂದ್ರ ದೀಪಾವಳಿ ಆದ ಮ್ಯಾಲ ಬರ್ರಿ. ಆಗ ನೋಡೂಣು."

ನೋಡೂಣು. ಇಡೀ ದಾರಿ ನನಗೆ ಆ ಮಾತಿನ ಮೇಲೆ ಸಿಟ್ಟು. ಮಾಡಬೇಕೋ ಬಿಡಬೇಕೋ ಎಂದು ಕೇಳಲು ಹೋದವರಿಗೆ ನೋಡೂಣು ಎಂಬ ಉತ್ತರ ಕೊಟ್ಟರೆ ಅದಕ್ಕೆ ಎಷ್ಟು ಅಂಕ ಹಾಕುವುದು?

ಮನೆಗೆ ಬಂದು ಅತ್ತೆಯವರಿಗೆ ಎಲ್ಲ ಹೇಳಿದೆ. ಆಪರೇಶನ್ ಎಂಬ ಮಾತು ಕೇಳಿದ್ದೇ ತಡ, ಕುಂದಾನನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಕೊಯ್ಯೂದು ಬ್ಯಾಡ. ಮೂಕ ಜೀವ. ಬ್ಯಾಡ ಅಂತ ಹೇಳಾಕೂ ಬರೂದಿಲ್ಲ ಅದಕ್ಕ."

"ನೋವಾಗಾಕತ್ತೈತಿ ಅಂತ ಹೇಳಾಕೂ ಬರೂದಿಲ್ಲಲ್ರಿ ಅತ್ತಿ. ನೋವು ನೋಡಕೋತ ಕುಂದರೂದು ಹಿಂಸಾ ಅಲ್ಲೇನು?"

ಅವರು ಸೆರಗನ್ನು ಇನ್ನಷ್ಟು ಬಿಗಿ ಮಾಡಿದರು. ನಾನು ಬಿಡಲಿಲ್ಲ. ಆಪರೇಶನ್ ಈಗ ಮಾತಲ್ಲ, ಅದನ್ನು ನಡೆಸಬೇಕಂತೆ, ದಿನಾ ನೆಲಕ್ಕೆ ಬಿಡಬೇಕಂತೆ, ನೀವು ಎತ್ತಿಕೊಂಡು ಎತ್ತಿಕೊಂಡು ತೊಡೆ ಸೊರಗಿ ಹೋಗಿದೆಯಂತೆ ಎಂದೆ. ಕೊನೆಯದನ್ನು ಸ್ವಲ್ಪ ಮೆತ್ತಗೆ ಹೇಳಬಹುದಿತ್ತು. ನನ್ನ ಬಾಯಿ ಕ್ಲಾಸಿನಲ್ಲಿ ಹೇಗೋ ಮನೆಯಲ್ಲೂ ಹಾಗೆಯೇ. ಅತ್ತೆಯವರು ಕುಂದಾನ ತೊಡೆ ಮುಟ್ಟಿ ನೋಡಿದರು, ಈ ಕಡೆ, ಆ ಕಡೆ. ಅವತ್ತು ಹೊತ್ತು ಮುಳುಗುವ ಮೊದಲೂ ಊಟ ಮಾಡಲಿಲ್ಲ.

ಮರುದಿನ ಸುದ್ದಿ ಶೇವಂತಾ ಕಾಕುವಿಗೆ ತಲುಪಿತು. ಅವರು ಬಾಗಿಲಿಗೆ ಬಂದು ಕೈತಿರುವಿ ಔಷಧ ಹೇಳಿದರು. "ಇಷ್ಟಕ್ಕ ಯಾಕ ಡಾಕ್ಟರ? ಮಟನ್ ಅಂಗಡ್ಯಾಗ ಕಾಲ ಸಿಗತಾವು. ಕುದಿಸಿ ಸೂಪ್ ಮಾಡಿ ಕುಡಸ. ಎಂಟ ದಿನದಾಗ ಓಡತೈತಿ." ಅತ್ತೆಯವರು ಎರಡೂ ಕಿವಿ ಮುಚ್ಚಿಕೊಂಡು ಒಳಗೆ ನಡೆದರು. ಕಾಕುವಿಗೆ ಪಾಪ ಏನಾಯಿತೆಂದೇ ತಿಳಿಯಲಿಲ್ಲ. ನಾನು ನಗು ತಡೆದುಕೊಂಡು, ಸೂಪು ಬೇಡ ಕಾಕು, ಹಳೆ ಗೋಣಿ ಚೀಲ ಇದ್ದರೆ ಕೊಡಿ ಎಂದೆ. ಯಾಕೆ ಎಂದರು. ನಾಯಿ ಜಾರುತ್ತದೆ, ಟೈಲ್ಸಿನ ಮೇಲೆ ಹಾಸುತ್ತೇವೆ ಎಂದೆ. ಈಗ ಕಾಕುವಿನ ಮುಖ ನೋಡಬೇಕಿತ್ತು. ಅಷ್ಟು ಆಸೆಪಟ್ಟು ಹಾಕಿಸಿದ ಟೈಲ್ಸಿನ ಮೇಲೆ ಗೋಣಿ ಚೀಲ. ಮುಖ ತಿರುಗಿಸಿ ಹೋದರು. ನಮ್ಮವರು ಬೆಳಗಾವಿಯ ರವಿವಾರ ಪೇಟೆಯಿಂದ ಚೀಲ ತರಬೇಕಾಯಿತು.

ಅತ್ತೆಯವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ನಾನು ಸಾಲೆಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ಹೊರಗೆ ಕಟ್ಟೆಯ ಮೇಲೆ ಮಾತು ಕೇಳಿಸಿತು. "ಬಾಜೂಕ ಸರೀರೆವ್ವಾ, ಕೂಸು ಬರಾಕತ್ತೈತಿ."

ಯಾರಿಗೆ ಹೇಳುತ್ತಿದ್ದಾರೆ ಎಂದು ಇಣುಕಿದೆ. ಮನೆಯ ಮುಂದೆ ಉದ್ದಕ್ಕೆ ಮಾಡು ಇಳಿಸಿದ ಕಟ್ಟೆ. ಅತ್ತೆಯವರು ಬಗ್ಗಿ, ಮೆತ್ತನೆಯ ಹುಲ್ಲಿನ ಹೊಸ ಕಸಬರಿಗೆಯಿಂದ ನೆಲವನ್ನು ಸವರುತ್ತ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿದ್ದಾರೆ. ಎಡಗೈಯಲ್ಲಿ ಪಟ್ಟಿ. ಪಟ್ಟಿಯ ತುದಿಗೆ ಕುಂದಾ, ಗುಡಿಸಿದ ನೆಲದ ಮೇಲೆ ಗಂಭೀರವಾಗಿ ನಡೆದು ಬರುತ್ತಿದೆ. ಮಾತು ಇರುವೆಗಳೊಡನೆ. ಕಟ್ಟೆಯ ತುದಿ ಮುಟ್ಟಿ, ತಿರುಗಿ, ಮತ್ತೆ ಗುಡಿಸುತ್ತ ಈ ತುದಿಗೆ. ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದರು. "ಡಾಕ್ಟರ ಹೇಳಿದ್ದೂ ಆತು, ನಂದೂ ಆತು. ನೀ ಸಾಲಿಗೆ ಹೋಗ" ಎಂದರು.

ಸಾಲೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಕಣ್ಣು ತುಂಬಿ ತುಂಬಿ ಬಂತು. ಮಳೆ ಇತ್ತು, ಯಾರಿಗೂ ಗೊತ್ತಾಗಲಿಲ್ಲ.

ಹೀಗೆ ಆ ಮಳೆಗಾಲದ ದಿನಚರಿ ಬಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಊಟಕ್ಕೆ ಮುಂಚೆ ಒಮ್ಮೆ. ಓಣಿಯವರು ಮೊದಲು ಕಿಟಕಿಯಲ್ಲಿ ನಿಂತು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು. ಕುಂದಾ ಜಾಣ ಪ್ರಾಣಿ. ಕಸಬರಿಗೆಯ ಸಪ್ಪಳ ಬಂದ ಮೇಲೆಯೇ ಕಾಲು ಕೆಳಗಿಡಬೇಕು ಎಂದು ಬೇಗ ಕಲಿತುಕೊಂಡಿತು. ಹೊಸ್ತಿಲ ಮೇಲೆ ನಿಂತು ಕಾಯುತ್ತಿತ್ತು. ಅತ್ತೆಯವರು ಗುಡಿಸಿ "ಬಾ" ಎಂದರೆ ಇಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ತುಪ್ಪ ನಿಂತಿತು. ರೊಟ್ಟಿ ಅರ್ಧವಾಯಿತು. ಆ ಅರ್ಧ ರೊಟ್ಟಿಯನ್ನು ಹಾಕುವಾಗ ಅತ್ತೆಯವರು ಮುಖವನ್ನು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು, ಕುಂದಾನ ಕಣ್ಣಿಗೆ ಸಿಗಬಾರದೆಂದು.

ಶ್ರಾವಣದಲ್ಲಿ ಮಳೆ ಜೋರಾಯಿತು. ಮಲಪ್ರಭೆ ಕೆಂಪಾಗಿ ತುಂಬಿ ಹರಿಯಿತು, ಸಾಲೆಗೆ ರಜೆ ಕೊಟ್ಟರು. ಲೋಂಡಾದ ಕಡೆ ಹಳಿಯ ಮೇಲೆ ಮಣ್ಣು ಕುಸಿದು ರೈಲು ನಿಂತಾಗ ನಮ್ಮವರು ಒಂದು ಶನಿವಾರ ಬರಲಿಲ್ಲ. ಗೋಡೆ ಬೆವರುತ್ತಿತ್ತು, ಬಟ್ಟೆ ಒಣಗುತ್ತಿರಲಿಲ್ಲ, ನೆಲದ ಗೋಣಿ ಚೀಲಗಳಿಂದ ಆ ವಾಸನೆ ಏಳುತ್ತಿತ್ತು. ಮಡಚಿ ಮಡಚಿ ಅವೂ ಕಾಲಿಗೆ ತೊಡರುತ್ತಿದ್ದವು. ಅಂಥ ಒಂದು ಮಧ್ಯಾಹ್ನ ಶೇವಂತಾ ಕಾಕು ಬಂದು, ಚೀಲಗಳನ್ನು ಕಾಲಿನಿಂದ ಸರಿಸಿ ನೋಡಿ, ಎಲ್ಲವನ್ನೂ ಎತ್ತಿಕೊಂಡು ಹೋದರು. ನಾನು ಜಗಳಕ್ಕೆ ಸಿದ್ಧಳಾದೆ. ಎರಡು ದಿನ ಬಿಟ್ಟು ಅವರೇ ತಂದು ಹಾಸಿದರು. ಚೀಲಗಳನ್ನು ಒಲೆಯ ಬಿಸಿಗೆ ಒಣಗಿಸಿ, ಬಿಚ್ಚಿ, ಅಂಚು ಮಡಚಿ ದಬ್ಬಣದಲ್ಲಿ ಹೊಲಿದು, ಅಡುಗೆ ಮನೆಯಿಂದ ಬಾಗಿಲವರೆಗೆ ಒಂದೇ ಪಟ್ಟೆಯಾಗುವಂತೆ ಮಾಡಿದ್ದರು. "ಹಾಸೂದಿದ್ರ ನೀಟ ಹಾಸಬೇಕು. ನನ್ನ ಮನಿ ಇದು" ಎಂದರು. ಅತ್ತೆಯವರು ಅವರಿಗೆ ಚಹಾ ಕೊಟ್ಟರು. ಸೂಪಿನ ಮಾತು ಇಬ್ಬರೂ ಎತ್ತಲಿಲ್ಲ.

ಕುಂದಾ ತೆಳ್ಳಗಾಯಿತು. ತೊಡೆ ಮುಟ್ಟಿದರೆ ಗಟ್ಟಿ. ಕುಂಟಾಬಿಲ್ಲೆ ಕಡಿಮೆಯಾಗುತ್ತ ಬಂದು ಭಾದ್ರಪದದ ಹೊತ್ತಿಗೆ ನಿಂತೇಹೋಯಿತು ಎನ್ನಬೇಕು. ನನಗೆ ಎಂಥ ಸಮಾಧಾನ. ಆಪರೇಶನ್ ಆಗಲೇಬೇಕು ಎಂದಿದ್ದವಳು ಈಗ ಅದರ ಹೆಸರೆತ್ತಿದರೆ ಬೆಚ್ಚುವಂತಾಗಿದ್ದೆ. ದಿನಾ ಅದು ಬಾಲ ಎತ್ತಿ ಕಟ್ಟೆಯ ಮೇಲೆ ನಡೆಯುವುದನ್ನು ನೋಡಿದವರಿಗೆ, ಅರಿವಳಿಕೆ ಕೊಟ್ಟು, ಕೂದಲು ಬೋಳಿಸಿ, ಮೂಳೆ ಕೊರೆಯುವುದನ್ನು ನೆನೆಸಿಕೊಳ್ಳುವುದಕ್ಕೂ ಆಗುವುದಿಲ್ಲ. ಅಷ್ಟು ಸಣ್ಣ ಎದೆ. ಅರಿವಳಿಕೆಯಿಂದ ಏಳದೇ ಹೋದರೆ? ಉತ್ತರ ಸಿಕ್ಕಿತು, ಅಡಿಗೆರೆ ಎಳೆದು ಮುಗಿಸಿದೆ. ಆಪರೇಶನ್ ಬೇಡ.

ಭಾದ್ರಪದದಲ್ಲಿ ನಮ್ಮ ಹತ್ತು ದಿನಗಳ ಪರ್ವ. ಅತ್ತೆಯವರು ಉಪವಾಸ ಮಾಡಿ ಸೋತಿದ್ದರು. ಗುಡಿಸುವುದು ಆ ದಿನಗಳಲ್ಲಿ ನನ್ನ ಪಾಲಿಗೆ ಬಂತು. ಅವರು ಕಟ್ಟೆಯ ಕಂಬಕ್ಕೊರಗಿ ಕೂತು ನೋಡುತ್ತಿದ್ದರು. ಎರಡು ತಿಂಗಳು ನೆಲದ ಮೇಲಿನ ಇರುವೆಯನ್ನು ಹುಡುಕಿ ಹುಡುಕಿ ಅವರ ಕಣ್ಣು ಬಹಳ ಸಣ್ಣದನ್ನೂ ಹಿಡಿಯುವಂತಾಗಿತ್ತು. ಒಂದು ದಿನ ಹೇಳಿದರು.

"ಸುಜಾತಾ, ಕೂಸಿನ ಕಾಲ ಛಲೋ ಆಗಿಲ್ಲ."

"ಏನರ ಹೇಳತೀರಿ ಅತ್ತಿ. ಒಂದ ಸಲಾನೂ ಕುಂಟಿಲ್ಲ."

"ಕುಂಟೂದಿಲ್ಲ. ಮುಚ್ಚಿಡತೈತಿ." ಆಮೇಲೆ ಒಂದೊಂದಾಗಿ ಹೇಳಿದರು. ಮಲಗಿ ಏಳುವಾಗ ಮೊದಲಿನ ಹಾಗೆ ಏಳುವುದಿಲ್ಲ, ಮೈಯನ್ನೆಲ್ಲ ಬಲಕ್ಕೆ ಹಾಕಿ ಏಳುತ್ತದೆ. ತಿರುಗುವಾಗ ಎಡಗಾಲನ್ನು ಊರಿದ ಹಾಗೆ ಮಾಡುತ್ತದೆ, ಭಾರ ಬಿಡುವುದಿಲ್ಲ. ಮಲಗಿರುವಾಗ ಅದೇ ಮೊಣಕಾಲನ್ನೇ ನೆಕ್ಕುತ್ತದೆ. "ನನ್ನ ಮೊಣಕಾಲ ನೋವು ನಾ ಹೆಂಗ ಮುಚ್ಚಿಡತೀನಿ ನನಗ ಗೊತ್ತಿಲ್ಲೇನ? ಗುಡ್ಯಾಗ ಎಲ್ಲಾರೂ ನೋಡಾಕತ್ತಿದ್ರ ನೆಟ್ಟಗ ನಡೀತೀನಿ."

ಉಪವಾಸದಿಂದ ನಿಮಗೆ ಹಾಗೆ ಕಾಣುತ್ತದೆ ಎಂದೆ. ಸಿಟ್ಟಿನಿಂದಲೇ ಅಂದೆ. ಅವರು ಸಿಟ್ಟಾಗಲಿಲ್ಲ. "ನೋವು ನೋಡಕೋತ ಕುಂದರೂದು ಹಿಂಸಾ ಅಂತ ನೀನ ಹೇಳಿದ್ದಿ. ನಾ ಅವತ್ತಿಂದ ಅದನ್ನ ವಿಚಾರ ಮಾಡೇನಿ. ನೀ ಹೇಳಿ ಮರತಿ" ಎಂದರು.

ಮಾತು ನನ್ನದೇ. ಆದರೂ ಒಪ್ಪಲಿಲ್ಲ. ದೀಪಾವಳಿಯವರೆಗೆ ನಾವಿಬ್ಬರೂ ಒಬ್ಬರ ಜಾಗದಲ್ಲಿ ಒಬ್ಬರು ನಿಂತು ವಾದ ಮಾಡಿದೆವು. ಶನಿವಾರ ಬಂದ ನಮ್ಮವರು, ಯಾರು ಯಾವ ಕಡೆ ಎಂದೇ ತಿಳಿಯದೆ, "ಡಾಕ್ಟರ ಹೇಳಿದಂಗ ಆಗಲಿ" ಎಂದು ಮೂಲೆ ಹಿಡಿದರು.

ದೀಪಾವಳಿಯ ಬೆಳಿಗ್ಗೆ ಬಸದಿಯಲ್ಲಿ ತೀರ್ಥಂಕರರಿಗೆ ನಿರ್ವಾಣದ ಲಾಡು ಅರ್ಪಿಸುವುದರೊಂದಿಗೆ ಅತ್ತೆಯವರ ನೇಮ ಮುಗಿಯಿತು. ಖಾನಾಪುರದ ಮನೆ ಖಾಲಿ ಮಾಡಿ ಶಹಾಪುರಕ್ಕೆ ಬಂದೆವು. ಶೇವಂತಾ ಕಾಕು ಗೋಣಿಯ ಪಟ್ಟೆಯನ್ನು ಸುರುಳಿ ಸುತ್ತಿ ಗಾಡಿಯಲ್ಲಿಟ್ಟರು. ಹಬ್ಬ ಕಳೆದ ಮೇಲೆ ಡಾಕ್ಟರ ಹತ್ತಿರ ಹೋದೆವು, ಈ ಸಲ ಅತ್ತೆಯವರೂ ಬಂದರು.

ಡಾಕ್ಟರು ಮೊದಲಿನ ಹಾಗೆಯೇ ಸಾವಕಾಶವಾಗಿ ನೋಡಿದರು. ತೊಡೆ ಹಿಡಿದು "ಭೇಷ್" ಎಂದರು. ತೂಕ ನೋಡಿ ಮತ್ತೊಮ್ಮೆ ಭೇಷ್ ಎಂದರು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಮೊಣಕಾಲನ್ನು ಮಡಚಿ ಬಿಡಿಸಿ ಬೆರಳಿಟ್ಟು ನೋಡಿದರು. "ತೊಡ್ಯಾಗ ಶಕ್ತಿ ಬಂದೈತಿ. ಹಂಗಾಗಿ ಕುಂಟೂದು ಕಾಣೂದಿಲ್ಲ. ಆದ್ರ ಚಿಪ್ಪು ಹೊರಗ ಐತಿ ನೋಡ್ರಿ. ನಾ ಕೂಡಿಸಿದ್ರ ಕುಂದರತೈತಿ, ಬಿಟ್ರ ಹೊರಗ. ಮೂರಕ್ಕ ಹೋಗೇತಿ. ಅದು ಮಲಗಿ ಏಳೂಮುಂದ ಒಂದ ಕಡೆ ವಾಲೂದು ನೋಡೀರೇನು?"

ಅತ್ತೆಯವರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. "ನೋಡೇನ್ರಿ" ಎಂದಷ್ಟೇ ಹೇಳಿದರು.

ಮಾಡಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ, ಆದರೆ ನಿರ್ಧಾರ ನಿಮ್ಮದು ಎಂದರು ಡಾಕ್ಟರು. ಅರಿವಳಿಕೆಯ ಭಯ ಇದ್ದೇ ಇರುತ್ತದೆ, ತೂಕ ಇಳಿದದ್ದರಿಂದ ಕಡಿಮೆಯಾಗಿದೆ. ಈಗ ತೊಡೆಯಲ್ಲಿ ಶಕ್ತಿಯಿದೆ, ಬೇಗ ಏಳುತ್ತದೆ ಎಂದರು. ಕುಂದಾ ಮೇಜಿನ ಮೇಲಿಂದ ನನ್ನ ಕೈ ನೆಕ್ಕುತ್ತಿತ್ತು. ನಮ್ಮವರು ಗಡಿಯಾರ ನೋಡುತ್ತ ನಿಂತಿದ್ದರು.

"ಮಾಡ್ರಿ" ಎಂದರು ಅತ್ತೆಯವರು. "ಆದ ಮ್ಯಾಲ ಎಷ್ಟ ದಿನಕ್ಕ ನಡೀತೈತಿ?"

"ಕೆಲವು ವಾರ ನಡಸೂ ಹಂಗಿಲ್ರಿ. ಹೊರಗ ಒಯ್ಯೂಮುಂದ ಸೈತ ಎತಗೊಂಡ ಒಯ್ಯಬೇಕು, ಎತಗೊಂಡ ತರಬೇಕು."

"ಎತಗೊಂಡ ತಿರಗಬಹುದಲ್ಲಾ?"

"ತಿರಗಬಹುದು ಅಲ್ರೆವ್ವಾ, ತಿರಗಬೇಕು."

ಅತ್ತೆಯವರು ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡರು. ಮೇ ತಿಂಗಳಲ್ಲಿ ಪರೀಕ್ಷೆಯ ಫಲಿತಾಂಶ ಬಂದ ದಿನ ಕೆಲವು ಹುಡುಗಿಯರ ಮುಖ ಹಾಗಿರುತ್ತದೆ, ನಗಬಾರದು ಎಂದುಕೊಂಡರೂ ತಡೆಯಲಾಗುವುದಿಲ್ಲ.

ಆಪರೇಶನ್ನಿನ ದಿನ ಅವರು ದವಾಖಾನೆಯ ಬೆಂಚಿನ ಮೇಲೆ ಜಪಸರ ಹಿಡಿದು ಕೂತರು. ನಾನು ಕೂತೆ, ಎದ್ದೆ, ಬಾಗಿಲವರೆಗೆ ಹೋದೆ, ಬಂದೆ. "ಕುಂದರ ಸುಜಾತಾ" ಎಂದು ನನ್ನ ಕೈ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬಿಡಲೇ ಇಲ್ಲ. ಮದುವೆಯಾಗಿ ಬಂದು ಅಷ್ಟು ವರ್ಷವಾದರೂ ಅವರು ಹಾಗೆ ನನ್ನ ಕೈ ಹಿಡಿದದ್ದು ನೆನಪಿಲ್ಲ. ಕುಂದಾನನ್ನು ಹೊರಗೆ ತಂದಾಗ ನಾಲಿಗೆ ಹೊರಗೆ ಬಿದ್ದಿತ್ತು, ಬೋಳಿಸಿದ ಕಾಲು ಸಿಪ್ಪೆ ಸುಲಿದ ಮೆಕ್ಕೆಜೋಳದ ತೆನೆಯಂತೆ ಬಡವಾಗಿ ಕಾಣುತ್ತಿತ್ತು. ಅತ್ತೆಯವರು ಎರಡೂ ಕೈ ಚಾಚಿದರು. ಆ ಚಳಿಗಾಲವೆಲ್ಲ ಅದು ಅವರ ಕೈಯಿಂದ ಇಳಿಯಲಿಲ್ಲ, ಈ ಸಲ ನಾನು ಒಂದು ಮಾತೂ ಆಡಲಿಲ್ಲ.

ಕಾಕುವಿನ ಮನೆಯಲ್ಲಿ ಚಹಾ ಕುಡಿದು, ಇದರಲ್ಲಿ ಅರ್ಧ ಮಾತಾಡಿ, ಅರ್ಧ ಮಾತಾಡದೆ, ಕತ್ತಲಾಗುವ ಮೊದಲು ಬೆಳಗಾವಿಯ ಬಸ್ಸು ಹತ್ತಿದೆ. ರಸ್ತೆ ಈಗ ಚೆನ್ನಾಗಿದೆ. ಶಹಾಪುರದ ಓಣಿಯಲ್ಲಿ ಮಗ್ಗಗಳ ಸಪ್ಪಳ ಮಳೆಯ ಸಪ್ಪಳದ ಜೊತೆ ಕೇಳುತ್ತಿತ್ತು. ಮನೆ ಮುಟ್ಟಿದಾಗ ನಮ್ಮವರು ಅಂಗಳದ ಮೆಟ್ಟಿಲ ಕೆಳಗೆ ಪಟ್ಟಿ ಹಿಡಿದು ನಿಂತಿದ್ದರು. ಹೊಸ್ತಿಲ ಮೇಲೆ ಕುಂದಾ ನಿಂತಿತ್ತು. ಈಗ ಅದರ ಮೂತಿ ಬೆಳ್ಳಗಾಗಿದೆ.

"ಎಷ್ಟ ಕರದ್ರೂ ಇಳೀವಲ್ದು" ಎಂದರು ನಮ್ಮವರು. "ಗುಡಸವರು ಬೇಕಂತ ಅದಕ್ಕ. ನೀ ಬರೂದ ಕಾಯಾಕತ್ತೈತಿ."

ಅದು ನನ್ನನ್ನು ಕಾಯುತ್ತಿತ್ತೋ ಇನ್ಯಾರನ್ನೋ, ನನಗೆ ಗೊತ್ತಿಲ್ಲ. ಮಳೆಗಾಲ ಬಂದರೆ ಅದು ಹೀಗೆಯೇ. ಕೊಡೆಯನ್ನು ಮೂಲೆಗಿಟ್ಟು, ಬಾಗಿಲ ಹಿಂದೆ ತೂಗುಹಾಕಿದ ಮೆತ್ತನೆಯ ಕಸಬರಿಗೆ ತೆಗೆದುಕೊಂಡೆ. ಮೆಟ್ಟಿಲುಗಳು ಮಳೆಯಲ್ಲಿ ತೊಳೆದಿಟ್ಟಂತಿದ್ದವು, ಒಂದು ಇರುವೆಯೂ ಇರಲಿಲ್ಲ. ಆದರೂ ಬಗ್ಗಿ ಗುಡಿಸಿದೆ.

"ಬಾಜೂಕ ಸರೀರೆವ್ವಾ" ಎಂದೆ, "ಕೂಸು ಬರಾಕತ್ತೈತಿ."

ಕುಂದಾ ಒಮ್ಮೆ ನನ್ನ ಮುಖ ನೋಡಿತು. ಆಮೇಲೆ ಒಂದೊಂದೇ ಮೆಟ್ಟಿಲು, ನಾಲ್ಕೂ ಕಾಲು ಊರಿ ಇಳಿಯಿತು.